ಅರ್ಧ ಸುತ್ತಿಗೇ ನಿಂತ ಫ್ಯಾನು

ನಮ್ಮ ಸಂಘದ ಯಕ್ಷಗಾನದ ವಿಡಿಯೊ ಎಡಿಟ್ ಮಾಡುವ ಕೆಲಸ ನನ್ನ ಪಾಲಿನದು. ಮೂರು ಗಂಟೆಯ ಆಟವನ್ನು ಎಕ್ಸ್‌ಪೋರ್ಟ್ ಮಾಡಲು ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಇಡೀ ರಾತ್ರಿ ಬೇಕಾಗುತ್ತಿತ್ತು. ಅದಕ್ಕೇ ಡೆಸ್ಕ್‌ಟಾಪ್ ನಾನೇ ಜೋಡಿಸುತ್ತೇನೆ ಎಂದು ಹೊರಟೆ.

ಡೊಂಬಿವಲಿಯಿಂದ ದಾದರ್, ಅಲ್ಲಿ ಲೈನ್ ಬದಲಿಸಿ ಗ್ರಾಂಟ್ ರೋಡ್, ಆಮೇಲೆ ನಡೆದರೆ ಲ್ಯಾಮಿಂಗ್ಟನ್ ರೋಡ್, ಮುಂಬಯಿಯ ಕಂಪ್ಯೂಟರ್ ಸಾಮಾನಿನ ಬೀದಿ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಹಾಗಾಗಿ ಶನಿವಾರ ಹೋದೆ. ಪ್ರೊಸೆಸರ್‌ಗೆ ಹೆಚ್ಚು ಯೋಚಿಸಲಿಲ್ಲ. ರೈಜನ್ 5 5600ಜಿ, 6 ಕೋರ್. ಗ್ರಾಫಿಕ್ಸ್ ಅದರೊಳಗೇ ಇದೆ, ಬೇರೆ ಕಾರ್ಡಿನ ಖರ್ಚಿಲ್ಲ. ಆದರೆ ಆ ಗ್ರಾಫಿಕ್ಸ್ ಬಳಸುವುದು ಕಂಪ್ಯೂಟರಿನ ರ‍್ಯಾಮ್ ಅನ್ನೇ. ಹಾಗಾಗಿ 16 ಜಿಬಿಯ ಒಂದೇ ಸ್ಟಿಕ್ ಬೇಡ, 8 ಜಿಬಿಯ ಎರಡು ತಗೊಳ್ಳಿ. ಎರಡು ಚಾನೆಲ್, ಅಂದರೆ ಡೇಟಾ ಓಡಲು ಎರಡು ದಾರಿ ಸಿಕ್ಕರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಅಂಗಡಿಯವನು ಎಲ್ಲವನ್ನೂ ಕೂರಿಸುವ ಕ್ಯಾಬಿನೆಟ್ ಜೊತೆ, ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಸುಮ್ನೆ ಕೊಡುತ್ತೇನೆ ಎಂದ. ಕೈಯಲ್ಲಿ ಎತ್ತಿದರೆ ಖಾಲಿ ಡಬ್ಬದಷ್ಟು ಹಗುರ. ಬೇಡ ಎಂದು 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತು ಇರುವುದನ್ನೇ ದುಡ್ಡು ಕೊಟ್ಟು ತಂದೆ. ನನ್ನ ಸೆಟ್‌ಗೆ ಅಷ್ಟು ವ್ಯಾಟ್ ಬೇಡವೇ ಬೇಡ, ಗೊತ್ತು. ಮುಂದೆ ಕಾರ್ಡ್ ಹಾಕುವ ಆಸೆ, ಅಷ್ಟೇ.

ರಾತ್ರಿ ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದೆ, ಅದೇ ಕಥೆ. ಊಟಕ್ಕೆ ಬಂದಿದ್ದ ಭಾವ, "ಯಾಕೆ ಬೇಕಿತ್ತು ಮಾರಾಯ, ರೆಡಿ ಇರುವುದೇ ತರಬಹುದಿತ್ತಲ್ಲ" ಎಂದರು. ನಾನು ಮಾತಾಡಲಿಲ್ಲ.

ರ‍್ಯಾಮ್ ಕಿತ್ತು ಮತ್ತೆ ಕೂರಿಸಿದೆ. ಪ್ರೊಸೆಸರ್ ಪಕ್ಕದ 8 ಪಿನ್ ವೈರ್ ನೋಡಿದೆ, ಸರಿಯಾಗೇ ಕೂತಿತ್ತು. ಹೊಸ ಎಸ್‌ಎಂಪಿಎಸ್ ಮೇಲೇ ಅನುಮಾನ ಬಂತು. ಕೊನೆಗೆ ಎಲ್ಲವನ್ನೂ ಹೊರಗೆ ತೆಗೆದೆ. ಮದರ್‌ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೇ ಅದನ್ನಿಟ್ಟು, ಪ್ರೊಸೆಸರ್, ಕೂಲರ್ ಮತ್ತು ಒಂದೇ ರ‍್ಯಾಮ್ ಉಳಿಸಿ, ಪವರ್ ಸ್ವಿಚ್ಚಿನ ಎರಡು ಪಿನ್‌ಗೆ ಸ್ಕ್ರೂಡ್ರೈವರ್ ಮುಟ್ಟಿಸಿದೆ. ಫ್ಯಾನು ತಿರುಗಿತು, ಮಾನಿಟರಿನಲ್ಲಿ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲಿನ ಸೆಟಪ್ ಪರದೆ, ಬಂತು! ಕ್ಯಾಬಿನೆಟ್ ಒಳಗೆ ಹಾಕಿದರೆ ಮತ್ತೆ ಅರ್ಧ ಸುತ್ತು.

ಅಂದರೆ ಪಾರ್ಟ್‌ಗಳಲ್ಲಿ ದೋಷವಿಲ್ಲ, ದೋಷ ಕ್ಯಾಬಿನೆಟ್‌ನಲ್ಲಿ. ಟಾರ್ಚ್ ಬಿಟ್ಟು ನೋಡಿದೆ. ಎಟಿಎಕ್ಸ್ ಎಂಬ ದೊಡ್ಡ ಅಳತೆಯ ಬೋರ್ಡಿಗೆ ಸಾಮಾನ್ಯವಾಗಿ 9 ಸ್ಕ್ರೂ ತೂತು ಇರುತ್ತವೆ. ನನ್ನದು ಚಿಕ್ಕ ಮೈಕ್ರೊ ಎಟಿಎಕ್ಸ್, 6 ತೂತಿನದು. ಆದರೆ ಕ್ಯಾಬಿನೆಟ್‌ನಲ್ಲಿ ದೊಡ್ಡ ಬೋರ್ಡಿಗೆ ಬೇಕಾದ, ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳನ್ನು ಮೊದಲೇ ಹಾಕಿ ಕಳಿಸಿದ್ದರು. ತೂತಿಲ್ಲದ ಜಾಗದಲ್ಲಿ ಒಂದು ನೇರವಾಗಿ ಬೋರ್ಡಿನ ಹಿಂಭಾಗದ ಬೆಸುಗೆಗೆ ತಾಗುತ್ತಿತ್ತು. ಸ್ವಿಚ್ ಒತ್ತಿದ ಕೂಡಲೇ ಶಾರ್ಟ್, ಎಸ್‌ಎಂಪಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ಕೊಡುತ್ತಿದ್ದ ಆ ಹಗುರ ಎಸ್‌ಎಂಪಿಎಸ್ ಆಗಿದ್ದರೆ ಹೀಗೆ ಆಫ್ ಆಗುತ್ತಿತ್ತೋ, ಹೊಗೆ ಬಿಡುತ್ತಿತ್ತೋ! ಆ ಒಂದು ಸ್ಟ್ಯಾಂಡ್‌ಆಫ್ ಬಿಚ್ಚಿದೆ, ಅಷ್ಟೇ. ರಾತ್ರಿ ಎರಡು ಗಂಟೆಗೆ ವಿಂಡೋಸ್ ಹಾಕಲು ಕೂತೆ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಕ್ಯಾಬಿನೆಟ್ ಮುಟ್ಟಿದಾಗೆಲ್ಲ ಕೈ ಜುಮ್ಮೆನ್ನುತ್ತಿತ್ತು. ಸೌಂಡ್ ಮಿಕ್ಸರ್‌ನಿಂದ ಭಾಗವತಿಕೆ ರೆಕಾರ್ಡ್ ಮಾಡಿದರೆ ಹಿಂದೆ ಗುಂಯ್ ಎನ್ನುವ ಶಬ್ದ. ಟೆಸ್ಟರ್ ಇಟ್ಟರೆ ಮಿಣುಕುತ್ತದೆ. ಇದೂ ಎಸ್‌ಎಂಪಿಎಸ್ ದೋಷವಲ್ಲ. ಅದರೊಳಗಿನ ಫಿಲ್ಟರ್‌ನಲ್ಲಿ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ, ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಅರ್ಥಿಂಗ್‌ಗೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಫೇಸ್ ಮತ್ತು ನ್ಯೂಟ್ರಲ್ ನಡುವೆ ತೇಲುತ್ತದೆ, 230 ವೋಲ್ಟಿನ ಸುಮಾರು ಅರ್ಧದಲ್ಲಿ. ಕರೆಂಟ್ ತೀರಾ ಕಡಿಮೆ, ಆದರೆ ಹಾಗೇ ಬಿಡುವಂಥದ್ದಲ್ಲ.

ನಮ್ಮದು ಹಳೆಯ ಬಿಲ್ಡಿಂಗ್. ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಬಿಚ್ಚಿದ. ಅರ್ಥಿಂಗ್‌ನ ಮೂರನೇ ತೂತಿನ ಹಿಂದೆ ವೈರೇ ಇರಲಿಲ್ಲ! ಮೀಟರ್ ಬೋರ್ಡಿನಿಂದ ಹಸಿರು ವೈರ್ ಎಳೆದು ಕೊಟ್ಟ. ಗುಂಯ್ ನಿಂತಿತು. ಈಗ ಹೆಡ್‌ಫೋನ್‌ನಲ್ಲಿ ಚೆಂಡೆಯ ಸದ್ದು ಇಳಿಯುವಾಗ ಭಾಗವತರು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಭಾವ ಮೊನ್ನೆ ಬಂದವರು ಅದನ್ನು ಕೇಳಿ, ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಯಾವ ಲೋಕಲ್ ಹಿಡಿಯಬೇಕು ಎಂದು ವಿಚಾರಿಸಿದರು.