ಸಿ ಪ್ರೋಗ್ರಾಮಿನಲ್ಲಿ 'ಚಿಕ್ಕಬಳ್ಳಾಪುರ' ಅರ್ಧಕ್ಕೇ ತುಂಡಾಗುತ್ತಿದ್ದುದು ಸರಿಹೋದ ಬಗೆ

ಮಾರುಕಟ್ಟೆಯ ಟೊಮೆಟೊ ದರ ತೋರಿಸಲು ಬರೆದ ಪ್ರೋಗ್ರಾಮಿನಲ್ಲಿ ಕೋಲಾರ ಸರಿಯಾಗಿ ಬರುತ್ತಿತ್ತು. ಚಿಕ್ಕಬಳ್ಳಾಪುರ ಮಾತ್ರ 'ಚಿಕ್ಕಬಳ್ಳಾ' ಆಗಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಬೀಳುತ್ತಿತ್ತು. ಫಾಂಟ್ ಮೇಲೆ ಅನುಮಾನ ಬೇಡ, ತಪ್ಪಿರುವುದು ಬಫರಿನಲ್ಲಿ, ಅಂದರೆ ಪದವನ್ನು ಇಟ್ಟುಕೊಳ್ಳುವ ಮೆಮೊರಿ ಜಾಗದಲ್ಲಿ.

ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ವ್ಯಂಜನ, ಗುಣಿತ ಚಿಹ್ನೆ, ವಿರಾಮ (ಅರ್ಧಾಕ್ಷರದ '್' ಗುರುತು) ಎಲ್ಲಕ್ಕೂ ತಲಾ 3 ಬೈಟ್. ಕೋಲಾರಕ್ಕೆ 15, ಚಿಕ್ಕಬಳ್ಳಾಪುರಕ್ಕೆ 39. ಪದ ಮುಗಿಯಿತೆಂದು ತೋರಿಸುವ ಕೊನೆಯ ಸೊನ್ನೆ ಬೈಟ್ ಸೇರಿ 40. ಬಫರ್ ಇದ್ದದ್ದು 32. ಸೊನ್ನೆಗೆ ಒಂದು ಬಿಟ್ಟರೆ 31: ಹತ್ತು ಚಿಹ್ನೆಗಳಿಗೆ 30 ಮುಗಿದು, 'ಪ'ದ ಮೊದಲ ಬೈಟ್ ಒಂದೇ ಉಳಿಯುತ್ತದೆ. ಆ ಪ್ರಶ್ನೆ ಚಿಹ್ನೆ ಅದೇ.

ಬಫರನ್ನು 64 ಮಾಡಿದೆ. ಕತ್ತರಿಸಲೇಬೇಕಾದ ಕಡೆ, ಮೂಲ ಪದದಲ್ಲಿ ಕತ್ತರಿಸುವ ಜಾಗದ ಬೈಟನ್ನು 192ರೊಂದಿಗೆ ಬಿಟ್‌ವೈಸ್ ಆಂಡ್ (&) ಮಾಡಿ ನೋಡಿ. 128 ಬಂದರೆ ಅದು ಅಕ್ಷರದ ನಡುವಿನ ಬೈಟ್; 128 ಬರುತ್ತಿರುವಷ್ಟು ಹೊತ್ತೂ ಒಂದೊಂದೇ ಹಿಂದೆ ಸರಿದು, ನಿಂತಲ್ಲಿ ಸೊನ್ನೆ ಇಡಿ. ಸ್ಟ್ರ್ಎನ್‌ಕಾಪಿ (strncpy, ಪದ ನಕಲಿಸುವ ಫಂಕ್ಷನ್) ನಂಬಬೇಡಿ, ಪದ ಉದ್ದವಾದರೆ ಅದು ಸೊನ್ನೆ ಹಾಕುವುದೇ ಇಲ್ಲ. ಇಷ್ಟಾದರೂ ಒತ್ತಕ್ಷರದ ನಡುವೆ ತುಂಡಾಗಿ 'ಬಳ್' ಎಂದು ನಿಲ್ಲಬಹುದು. ಕೊನೆಗೆ ವಿರಾಮ ಉಳಿದರೆ ಅದನ್ನೂ ಅದರ ಹಿಂದಿನ ವ್ಯಂಜನವನ್ನೂ ತೆಗೆಯಿರಿ.