ಪುಟಾಣಿಗಳ ಇಂಗ್ಲಿಷ್ ಕಲಿಕೆ: ಪೋಷಕರನ್ನು ಜೊತೆಗೆ ಸೇರಿಸಿಕೊಳ್ಳುವ ಬಗೆ

ಎಲ್‌ಕೆಜಿ ಶಿಕ್ಷಕಿಯರು ಮೊದಲ ಪೋಷಕರ ಸಭೆಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು, ‘ನಮಗೇ ಇಂಗ್ಲಿಷ್ ಬರಲ್ಲ ಮೇಡಂ, ಮಗುವಿಗೆ ಏನು ಹೇಳಿಕೊಡೋಣ?’ ಎಂಬುದು. ಪೋಷಕರು ಪಾಠ ಮಾಡಬೇಕಿಲ್ಲ, ಮಗು ಶಾಲೆಯಿಂದ ಹೊತ್ತು ತಂದ ಪದಗಳನ್ನು ಕೇಳಿಸಿಕೊಂಡರೆ ಸಾಕೆಂದು ಅಂದೇ ತಿಳಿಸಿಬಿಡಿ.

ವಾರಕ್ಕೆ ನಾಲ್ಕೈದು ಪದಗಳನ್ನಷ್ಟೇ ಆರಿಸಿ, ನಿಮ್ಮ ದನಿಯಲ್ಲೇ ನಿಧಾನವಾಗಿ ಹೇಳಿ, ಅರ್ಧ ನಿಮಿಷದ ಆ ಧ್ವನಿಮುದ್ರಣವನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಕಳುಹಿಸಿ. ಓದುಬರಹ ತಿಳಿಯದ ಅಜ್ಜಿಯೂ ಅದನ್ನು ಮೊಮ್ಮಗುವಿನೊಡನೆ ಕೂತು ಕೇಳಬಹುದು. ಬಣ್ಣಗಳ ವಾರವಾದರೆ, ಸಂತೆಯಿಂದ ತಂದ ತರಕಾರಿಯನ್ನು ಮೊರಕ್ಕೆ ಸುರಿದು, ‘ರೆಡ್ ಯಾವುದು ಕೊಡು, ಪುಟ್ಟ’ ಎಂದು ಅಮ್ಮ ಕೇಳಲಿ. ಮಗು ಟೊಮೆಟೊ ಎತ್ತಿಕೊಟ್ಟರೆ ಅಂದಿನ ಅಭ್ಯಾಸ ಮುಗಿಯಿತು. ಬದನೆಕಾಯಿ ಕೊಟ್ಟರೆ ಗದರದೆ, ಟೊಮೆಟೊ ತೋರಿಸಿ ‘ಇದು ರೆಡ್’ ಎಂದರಾಯಿತು. ‘ಸ್ಕೂಲ್’ ಎನ್ನಲು ಹೋಗಿ ‘ಇಸ್ಕೂಲ್’ ಎಂದರೂ ಹತ್ತು ಸಲ ಹೇಳಿಸುವುದು ಬೇಡ.

ಮನೆಮಾತನ್ನೇ ಕೈಬಿಟ್ಟು ಇಂಗ್ಲಿಷಿನಲ್ಲಿ ಮಾತಾಡಲು ಹೊರಡುವ ತಂದೆತಾಯಿಗೆ, ಕಥೆ, ಜಗಳ, ಮುದ್ದು ಎಲ್ಲವೂ ಕನ್ನಡದಲ್ಲೋ ತುಳುವಿನಲ್ಲೋ ಉರ್ದುವಿನಲ್ಲೋ ನಡೆಯಲಿ ಎನ್ನಿ. ಸಾಧ್ಯವಿರುವೆಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಬೋಧನೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ರೈಮ್ಸ್ ಒಪ್ಪಿಸುವ ಪರಿಪಾಠವನ್ನಂತೂ, ಅದರ ಮೋಹ ಎಷ್ಟೇ ಇದ್ದರೂ, ನಯವಾಗಿ ಬಿಡಿಸಬೇಕು.