ಕಾಯೋರಿಲ್ಲದ ಅಂಗಡಿ: ನಮ್ಮ ಶಾಲೆಯಲ್ಲಿ ನಡೆಸಿದ ಬಗೆ

"ಅಂಗಡಿಯವನೇ ಇಲ್ಲದ ಅಂಗಡಿ ಎಲ್ಲಾದರೂ ನಡೀತದೇನ್ರಿ ಸರ್?" ಅಂತ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನಕ್ಕವರೇ ಈಗ ಫೋನ್ ಮಾಡುತ್ತಿದ್ದಾರೆ. ಬಂಡವಾಳ ಎಷ್ಟು ಹಾಕಿದ್ರಿ, ಲೆಕ್ಕ ಹೇಗೆ ಇಡ್ತೀರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು.

ನಮ್ಮದು ಗದಗ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳರವರೆಗೆ ಸುಮಾರು 180 ಮಕ್ಕಳು. ವರಾಂಡದ ಮೂಲೆಯಲ್ಲಿ ಒಂದು ಹಳೇ ಟೇಬಲ್ ಇದೆ. ಅದರ ಮೇಲೆ ನೋಟ್‌ಬುಕ್, ಪೆನ್, ಪೆನ್ಸಿಲ್, ರಬ್ಬರ್, ಮೆಂಡರ್, ಸ್ಕೇಲ್. ಪಕ್ಕದಲ್ಲಿ ರೊಕ್ಕದ ಡಬ್ಬಿ. ಬೇಕಾದ್ದು ತಗೊಂಡು ರೊಕ್ಕ ಹಾಕಿ ಹೋಗಬೇಕು, ಅಷ್ಟೇ.

ಯಾಕೆ ಶುರು ಮಾಡಿದೆ ಅಂತ ಶಿಕ್ಷಕರಿಗೆ ಜಾಸ್ತಿ ಹೇಳಬೇಕಿಲ್ಲ. ಪ್ರಾಮಾಣಿಕತೆ ಬಗ್ಗೆ ಪ್ರಬಂಧ ಬರೆದು ಬಹುಮಾನ ತಗೊಂಡ ಹುಡುಗ ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡುವುದನ್ನು ನಾವೆಲ್ಲ ಕಂಡವರೇ. ದಿನಾ ಪ್ರಾರ್ಥನೆಯಲ್ಲಿ ಒಂದು ನುಡಿಮುತ್ತು ಓದಿಸುತ್ತೇವೆ. ಹತ್ತು ಗಂಟೆಗೆ ಓದಿದ್ದು ಹನ್ನೊಂದಕ್ಕೆ ನೆನಪಿರಲ್ಲ. ಮಗು ತಾನೇ ಒಂದು ತೀರ್ಮಾನ ಮಾಡಬೇಕು, ಅದರ ಲಾಭ ನಷ್ಟ ತಾನೇ ಉಣ್ಣಬೇಕು, ಆಗ ನಾವು ನಡುವೆ ಬಾಯಿ ಹಾಕಬಾರದು. ಗುಣ ಬೆಳೆಯುವುದು ಹಾಗೆ ಅಂತ ನಾನು ನಂಬಿದ್ದೇನೆ. ಅದಕ್ಕೆ ನಿಜವಾದ ರೊಕ್ಕವೇ ಬೇಕು.

ಬಂಡವಾಳ ನನ್ನ ಜೇಬಿನದು, ಸುಮಾರು 1,500 ರೂಪಾಯಿ. ಶಾಲಾ ಅನುದಾನ ಮುಟ್ಟಲಿಲ್ಲ, ಆಡಿಟ್‌ನಲ್ಲಿ ಯಾರು ಉತ್ತರ ಕೊಡಬೇಕು? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಒಂದೇ ಮಾತು ಕೇಳಿದರು: "ಹ್ವಾದ ರೊಕ್ಕ ಯಾರ್ ತುಂಬೋರ್ರಿ ಗುರುಗಳ?" ನಾನೇ ಅಂದೆ.

ಮೊದಲ ತಿಂಗಳಲ್ಲೇ ಹೋಯಿತು. ನೂರು ರೂಪಾಯಿ ಮಾಲು ಖಾಲಿಯಾದರೆ ಡಬ್ಬಿಯಲ್ಲಿ ಅರವತ್ತೂ ಇರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ದಿನಾ ಅದೇ ಮಾತು. ಒಬ್ಬರು ಕ್ಯಾಮೆರಾ ಹಾಕಿಸಿ ಅಂದರು. ಇನ್ನೊಬ್ಬರು ಬೀಗ ಹಾಕಿ, ಈ ಹುಚ್ಚು ಬಿಡಿ ಅಂದರು. ಕೊನೆಗೆ ಏಳನೇ ಕ್ಲಾಸಿನ ಇಬ್ಬರನ್ನು ಮಾನಿಟರ್ ಮಾಡಿ ಕೂರಿಸಿ ನೋಡಿದ್ದಾಯಿತು. ನಷ್ಟ ಕಡಿಮೆಯಾಯಿತು, ನಿಜ. ಆದರೆ ಆ ಇಬ್ಬರು ಸಣ್ಣವರ ಮೇಲೆ ದರ್ಪ ಮಾಡತೊಡಗಿದರು. ಅವರು ರಜೆ ಹಾಕಿದ ದಿನ ಹಿಂದಿನ ಬಾಕಿಯೆಲ್ಲ ಸೇರಿಸಿ ಹೋಗುತ್ತಿತ್ತು. ಕಾವಲು ಇದ್ದಾಗ ಮಾತ್ರ ಇರುವ ಗುಣ ನನಗೆ ಬೇಕಿರಲಿಲ್ಲ. ಮಾನಿಟರ್ ಪದ್ಧತಿ ತೆಗೆದುಹಾಕಿದೆ.

ಆಮೇಲೆ ಶನಿವಾರದ ಲೆಕ್ಕ ಬಂತು. ಶನಿವಾರ ಬೆಳಗಿನ ಶಾಲೆ ಅಲ್ವಾ, ಕೊನೆಯ ಅರ್ಧ ಗಂಟೆ ಐದು, ಆರು, ಏಳನೇ ಕ್ಲಾಸಿನವರು ವರಾಂಡದಲ್ಲಿ ಕೂರುತ್ತಾರೆ. ಅವರೇ ಮಾಲು ಎಣಿಸಬೇಕು, ಡಬ್ಬಿ ಸುರಿದು ಚಿಲ್ಲರೆ ಎಣಿಸಬೇಕು, ಕಡಿಮೆ ಬಿದ್ದಿದ್ದನ್ನು ಬೋರ್ಡಿನ ಮೇಲೆ ಬರೆಯಬೇಕು. ಯಾರ ಹೆಸರೂ ಎತ್ತುವಂತಿಲ್ಲ. ಸಭೆಗೆ ಮೊದಲು ನಾನು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತೇನೆ. ಆ ಪ್ರಶ್ನೆ ಇಲ್ಲಿ ಬರೆಯಲ್ಲ. ಬರೆದರೆ ನಾಳೆ ಎಲ್ಲ ಕಡೆ ಅದನ್ನೇ ಕೇಳುತ್ತಾರೆ, ಮಕ್ಕಳು ಉತ್ತರ ಬಾಯಿಪಾಠ ಮಾಡಿಬಿಡುತ್ತಾರೆ. ನಿಮ್ಮ ಮಕ್ಕಳಿಗೆ ತಕ್ಕ ಪ್ರಶ್ನೆ ನೀವೇ ಹುಡುಕಿ.

ಎರಡನೆಯದೋ ಮೂರನೆಯದೋ ಸಭೆ. ಆರನೇ ಕ್ಲಾಸಿನ ಒಬ್ಬ ಹುಡುಗಿ, ಅಷ್ಟು ದಿನ ಬಾಯಿ ಬಿಟ್ಟವಳಲ್ಲ, ಎದ್ದು ನಿಂತಳು. "ಎಲ್ಲಾರೂ ಕಳವು ಕಳವು ಅಂತೀರಿ. ನನ್ ಕೈಯಾಗ ಹತ್ತರ ನೋಟ್ ಐತಿ, ಪೆನ್ಸಿಲ್‌ಗೆ ಐದು. ಡಬ್ಬಿಗೆ ಬೀಗ ಐತಿ. ಉಳಿದ ಐದು ನಾ ಹ್ಯಾಂಗ ತಗೋಬೇಕ್ರಿ?" ಎಲ್ಲರೂ ಗಪ್ಪಾದರು. ನೋಡಿದರೆ ಎಷ್ಟೋ ಮಕ್ಕಳು ಚಿಲ್ಲರೆ ಇಲ್ಲ ಅಂತ "ನಾಳೆ ಹಾಕಿದರಾಯ್ತು" ಅಂದುಕೊಂಡು ಹೋಗಿ ಮರೆತಿದ್ದರು. ಒಂದು ಎರಡನೇ ಕ್ಲಾಸಿನವರಿಗೆ ಬೆಲೆಯೇ ಗೊತ್ತಿರಲಿಲ್ಲ. ಮಕ್ಕಳೇ ಬೀಗ ತೆಗೆಸಿದರು. ಡಬ್ಬಿ ಹೋಗಿ ಅಗಲ ಬಾಯಿಯ ಸ್ಟೀಲ್ ಡಬರಿ ಬಂತು, ಅದರಲ್ಲಿ ಯಾವಾಗಲೂ ಐವತ್ತು ರೂಪಾಯಿಯಷ್ಟು ಚಿಲ್ಲರೆ. ಓದಲು ಬಾರದವರಿಗಾಗಿ ಪ್ರತಿ ವಸ್ತುವಿನ ಮುಂದೆ ಅದರ ಬೆಲೆಯ ನಾಣ್ಯದ ಚಿತ್ರ ಬರೆದು ಅಂಟಿಸಿದರು. ನಷ್ಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬೀಗ ತೆಗೆದಿದ್ದಕ್ಕೆ ನಷ್ಟ ಇಳಿಯಿತು ಅಂದರೆ ಸಹೋದ್ಯೋಗಿಗಳು ಇವತ್ತಿಗೂ ಪೂರ್ತಿ ನಂಬಲ್ಲ. ಲೆಕ್ಕದ ಪುಸ್ತಕ ಇದೆ, ಬಂದು ನೋಡಬಹುದು.

ಉಳಿದ ಅರ್ಧ ನಿಜವಾಗಿ ಕಳವೇ. ಅದು ನಿಂತಿದ್ದು ಕಣಗಿನಹಾಳದಿಂದ.

ನಮ್ಮ ತಾಲ್ಲೂಕಿನದೇ ಊರು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅಲ್ಲಿ ಸಹಕಾರ ಸಂಘ ಕಟ್ಟಿದರು ಅಂತ ಪಾಠ ಮಾಡುತ್ತೇವೆ, ಮಕ್ಕಳು ಇಸವಿ ಬಾಯಿಪಾಠ ಮಾಡುತ್ತಾರೆ. ಈ ಸಲ ಟಂಟಂ (ಮೂರು ಗಾಲಿಯ ಬಾಡಿಗೆ ಗಾಡಿ) ಮಾಡಿಕೊಂಡು ಹೋಗಿಯೇ ಬಂದೆವು. ಬಾಡಿಗೆ ಎಂಟುನೂರೋ ಒಂಬತ್ತುನೂರೋ ಆಯಿತು. ದಾರಿಯಲ್ಲಿ ಒಬ್ಬ ಹುಡುಗ ಕೇಳಿದ: "ಸಾಲ ತಗೊಂಡಾವ ಓಡಿಹ್ವಾದ್ರ ಏನ್ ಮಾಡ್ತಿದ್ರಿ ಸರ್?" 1904ರ ಸಹಕಾರ ಕಾಯ್ದೆಯಲ್ಲಿ ಹಳ್ಳಿ ಸಂಘಗಳಿಗೆ ಅಪರಿಮಿತ ಹೊಣೆ ಇತ್ತು. ಸಂಘದ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆ. ಒಬ್ಬ ಮುಳುಗಿಸಿದರೆ ಉಳಿದವರು ತುಂಬಬೇಕು, ಅದಕ್ಕೇ ಯಾರಿಗೆ ಸಾಲ ಕೊಡಬೇಕು ಅಂತ ಊರವರೇ ನೋಡಿ ಕೊಡುತ್ತಿದ್ದರು ಅಂತ ಹೇಳಿದೆ. ನಾನು ಹೇಳಿದ್ದು ಅಷ್ಟೇ. ಮುಂದಿನ ಶನಿವಾರ ಮಕ್ಕಳೇ ನಮ್ಮ ಅಂಗಡಿಗೂ ಷೇರು ಮಾಡೋಣ ಅಂದರು. ಒಂದು ಷೇರಿಗೆ ಐದು ರೂಪಾಯಿ, ಒಬ್ಬರಿಗೆ ಒಂದೇ. ಇಲ್ಲದವರು ಟೇಬಲ್ ಒರೆಸಿ, ಮಾಲು ಜೋಡಿಸಿ ಷೇರು ಗಳಿಸಬಹುದು ಅಂತ ಅವರೇ ಸೇರಿಸಿದರು. ಆ ತಿಂಗಳು ಮುಗಿಯುವಷ್ಟರಲ್ಲಿ ಎಪ್ಪತ್ತರ ಸುಮಾರು ಷೇರುದಾರರು. ನನ್ನ 1,500ರಲ್ಲಿ ಸ್ವಲ್ಪ ಸ್ವಲ್ಪವಾಗಿ ಎಲ್ಲವನ್ನೂ ತೀರಿಸಿದರು. ಈಗ ಅಂಗಡಿಯಲ್ಲಿ ನನ್ನದು ಒಂದು ರೂಪಾಯಿಯೂ ಇಲ್ಲ.

ಈಗಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಜೂನ್‌ನಲ್ಲಿ ನಾಲ್ಕೈದು ಸಾವಿರ ವ್ಯಾಪಾರ, ಉಳಿದ ತಿಂಗಳು ಸಾವಿರದಿಂದ ಒಂದೂವರೆ ಸಾವಿರ. ಗದಗ ಮಾರ್ಕೆಟ್ಟಿನಲ್ಲಿ ಹೋಲ್‌ಸೇಲ್ ತಗೊಂಡರೆ ನೋಟ್‌ಬುಕ್ಕಿಗೆ ನೂರಕ್ಕೆ ಹದಿನೈದು ಇಪ್ಪತ್ತು ಉಳಿಯುತ್ತದೆ. ಆ ಉಳಿಕೆಯಲ್ಲಿ ಅರ್ಧದಷ್ಟನ್ನು ಬೆಲೆ ಇಳಿಸಿ ಮಕ್ಕಳಿಗೇ ಬಿಡುತ್ತಾರೆ. ಕಡಿಮೆ ಬೀಳುವುದು ತಿಂಗಳಿಗೆ ಹತ್ತು ಹದಿನೈದು ರೂಪಾಯಿ. ಕೆಲವು ಸಲ ಜಾಸ್ತಿಯೂ ಇರುತ್ತದೆ! ಮೊದಲ ವರ್ಷ ಪೆನ್ ಎತ್ತುತ್ತಿದ್ದ ಹುಡುಗ ಯಾರು ಅಂತ ನನಗೆ ಗೊತ್ತಿತ್ತು. ಈಗ ಮಾಲು ತರೋಕೆ ನನ್ನ ಜೊತೆ ಮಾರ್ಕೆಟ್ಟಿಗೆ ಬರುವವನು ಅವನೇ. ಚೌಕಾಸಿಯಲ್ಲಿ ನನಗಿಂತ ಗಟ್ಟಿ. ಅವನನ್ನು ಆ ಕೆಲಸಕ್ಕೆ ತಂದ ಬಗೆ ಅವನ ಮತ್ತು ನನ್ನ ನಡುವೆ ಇರಲಿ.

ಲಾಭ ಖರ್ಚು ಮಾಡುವುದೂ ಅವರದೇ ತೀರ್ಮಾನ. ಮೊದಲ ಸಲ ಮುನ್ನೂರು ಚಿಲ್ಲರೆ ಬಂತು. ಎಲ್ಲ ಸೇರಿ ವಾಲಿಬಾಲ್ ತಂದರು. ಒಂದೇ ವಾರಕ್ಕೆ ಜಾಲಿ ಮುಳ್ಳು ಚುಚ್ಚಿ ಠುಸ್ ಅಂದಿತು. ನನ್ನನ್ನು ನೋಡಿದರು. ಇನ್ನೊಂದು ತಂದುಕೊಡಿ ಸರ್ ಅಂತ ಒಬ್ಬ ಅಕ್ಕೋರೂ (ಶಿಕ್ಷಕಿ) ಹೇಳಿದರು, ಪಾಪ ಮಕ್ಕಳು ಅಂತ. ನಾನು ತರಲಿಲ್ಲ. ಮನಸ್ಸಿಗೆ ಕಷ್ಟವಾಯಿತು, ಆದರೂ ತರಲಿಲ್ಲ. ಮುಂದಿನ ಭಾನುವಾರ ಹತ್ತು ಹನ್ನೆರಡು ಮಕ್ಕಳು ಕುಡುಗೋಲು, ಸಲಿಕೆ ತಂದು ಮೈದಾನದ ಅಂಚಿನ ಜಾಲಿ ಕಡಿದರು. ನಾನು ಹೇಳಿರಲಿಲ್ಲ. ಚೆಂಡು ಬಂದಿದ್ದು ಆಮೇಲೆ, ಮುಂದಿನ ಲಾಭದಲ್ಲಿ.

ಇದರ ಜೊತೆಗೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಮೇಲ್ವಿಚಾರಕರಿಲ್ಲದ ಕಿರುಪರೀಕ್ಷೆ ಏಳರಲ್ಲಿ ನಡೆಯಿತು, ಐದರಲ್ಲಿ ನಡೆಯಲಿಲ್ಲ. ಐದಕ್ಕೆ ಅದನ್ನು ಬಿಟ್ಟಿದ್ದೇನೆ. ಇನ್ನೊಂದು, ದಿನಕ್ಕೊಂದು ಪ್ರಶ್ನೆ. ಮಕ್ಕಳು ಬೋರ್ಡಿನ ಮೂಲೆಯಲ್ಲಿ ಬರೆಯುತ್ತಾರೆ, ಶಿಕ್ಷಕರು ಉತ್ತರ ಹೇಳುವಂತಿಲ್ಲ. ಒಂದು ದಿನ ಬಂದ ಪ್ರಶ್ನೆ: "ಗಾಳಿ ಫ್ಯಾನ್ ನಮ್ಮ ಹೊಲದಾಗ ತಿರುಗತಾವು, ನಮ್ಮ ಮನ್ಯಾಗ ಕರೆಂಟ್ ಯಾಕ ಹೋಗತೈತಿ?" ನಮ್ಮ ಜಿಲ್ಲೆಯ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ನೋಡಿದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತಾಗುತ್ತದೆ. ಮಕ್ಕಳು ಲೈನ್‌ಮನ್ ಅವರನ್ನು ಹಿಡಿದು ಕೇಳಿಕೊಂಡು ಬಂದರು. ಗಾಳಿಯಂತ್ರದ ಕರೆಂಟ್ ಮೊದಲು ದೊಡ್ಡ ಲೈನಿಗೆ ಹೋಗಿ ಎಲ್ಲದರ ಜೊತೆ ಸೇರುತ್ತದೆ, ಅಲ್ಲಿಂದ ಕರೆಂಟಿನ ಸಬ್‌ಸ್ಟೇಷನ್ ಮೂಲಕ ಊರಿಗೆ ಬರುತ್ತದೆ ಅಂತ ತಾವೇ ಚಿತ್ರ ಬರೆದು ವಿವರಿಸಿದರು. ಆ ಪಾಠ ನಾನು ಮಾಡಿದ್ದರೆ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ನನ್ನ ಮಾತನ್ನೂ ಮಕ್ಕಳು ತಳ್ಳಿಹಾಕಿದ್ದಾರೆ. ಉದ್ದರಿ ಬೇಡ ಅಂತ ನಾನು ಹಟ ಹಿಡಿದಿದ್ದೆ. ಆದರೆ ಗೋವಾಕ್ಕೆ ದುಡಿಯಲು ಹೋದವರ ಮಕ್ಕಳು ಅಜ್ಜಿ ಹತ್ತಿರ ಇರುತ್ತಾರೆ, ಅವರ ಕೈಗೆ ರೊಕ್ಕ ಬರುವುದು ಯಾವಾಗಲೋ. ಅವರಿಗೆ ಇಪ್ಪತ್ತು ರೂಪಾಯಿವರೆಗೆ ಉದ್ದರಿ ಕೊಡಬೇಕು ಅಂತ ಓಟು ಹಾಕಿ ಗೆದ್ದರು. ಬರೆದಿಡುವುದು ಆ ಮಗುವೇ, ತನ್ನ ಕೈಯಿಂದ. ಕಳೆದ ವರ್ಷ ಒಟ್ಟು ಆರುನೂರರಷ್ಟು ಉದ್ದರಿ ಹೋಗಿತ್ತು, ಐವತ್ತರ ಆಸುಪಾಸು ಬಿಟ್ಟು ಎಲ್ಲ ವಾಪಸ್ ಬಂತು. ಇದರಲ್ಲಿ ಮಕ್ಕಳ ಲೆಕ್ಕವೇ ಸರಿಯಿತ್ತು, ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಶುರು ಮಾಡುವವರು ಮಾಲು ಕಡಿಮೆ ಇಟ್ಟು ಶುರು ಮಾಡಿ, 500ರಷ್ಟು ಸಾಕು. ನೋಟ್‌ಬುಕ್ ಮೇ ಕೊನೆಗೇ ತಂದಿಡಿ. ಆಗಸ್ಟ್ ಆದಮೇಲೆ ಓಡುವುದು ಪೆನ್ನು ರಬ್ಬರ್ ಮಾತ್ರ. ಚಾಕಲೇಟ್ ಇಡಲೇಬೇಡಿ. ಏಳನೇ ಕ್ಲಾಸು ಮುಗಿಸಿ ಹೋಗುವವರಿಗೆ ಷೇರಿನ ರೊಕ್ಕ ಲಾಭ ಸಮೇತ ಎಣಿಸಿ ಕೈಗೇ ಕೊಡಿ. ನಮ್ಮಲ್ಲಿ ಹೋದ ವರ್ಷ ಐದಕ್ಕೆ ಎಂಟು ರೂಪಾಯಿ ಬಂತು.